ಅದೇ 60 ಮಿ.ಮೀ. ಮಳೆ: ಜೂನ್‌ನಲ್ಲಿ ಒಣ ಹಳ್ಳ, ಸೆಪ್ಟೆಂಬರ್‌ನಲ್ಲಿ ಮುಳುಗಿದ ಸೇತುವೆ. ಕಂಪ್ಯೂಟರ್ ಲೆಕ್ಕವನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ರೈತ, ಗ್ರಾಮ ಪಂಚಾಯಿತಿ ಸದಸ್ಯನೂ ಹೌದು. ನಮ್ಮೂರ ಹಳ್ಳ ಕಾಗಿಣಾ ನದಿಗೆ ಸೇರುತ್ತದೆ. ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಲು ಸರ್ವೆ ಮಾಡಿದವರು ಕಂಪ್ಯೂಟರ್ ಮಾಡೆಲ್ ಮಾಡಿ ವರದಿ ಕೊಟ್ಟಿದ್ದಾರೆ. ಜಲಾನಯನ 12 ಚದರ ಕಿಲೋಮೀಟರ್, ಒಂದು ದಿನಕ್ಕೆ 60 ಮಿ.ಮೀ. ಮಳೆಯಾದರೆ 3.7 ಲಕ್ಷ ಘನಮೀಟರ್ ನೀರು ಹರಿದು ಬರುತ್ತದೆ ಎಂದು ಅದರಲ್ಲಿದೆ. ಆದರೆ ಕಳೆದ ವರ್ಷ ಮೃಗಶಿರ ಮಳೆ ಒಂದೇ ದಿನ 60 ಮಿ.ಮೀ. ಬಿದ್ದಾಗ ಹಳ್ಳದಲ್ಲಿ ಕಾಲು ತೋಯುವಷ್ಟೂ ನೀರು ಬರಲಿಲ್ಲ. ಉತ್ತರಿ ಮಳೆಯಲ್ಲಿ, ನಾಲ್ಕೈದು ದಿನ ಜಿಟಿಜಿಟಿ ಹಿಡಿದ ಮೇಲೆ, ಹೆಚ್ಚುಕಡಿಮೆ ಅಷ್ಟೇ ಬಿದ್ದಾಗ ಸೇತುವೆ ಮುಳುಗಿ ಅರ್ಧ ದಿನ ದಾರಿ ಬಂದ್ ಆಯಿತು. ಈ ಲೆಕ್ಕ ನಂಬಿ ಕಟ್ಟಿಸಬಹುದೇ? ನಮ್ಮ ಕಡೆಯಿಂದ ಮಾಡಬೇಕಾದದ್ದು ಏನಾದರೂ ಇದೆಯೇ?

ಉತ್ತರ: ನೀವು ಕಣ್ಣಾರೆ ನೋಡಿದ್ದೂ ಸರಿ, ಅವರ ಗಣಿತವೂ ಸರಿ. ವರದಿ ಎಡವಿರುವುದು ಒಂದೇ ಕಡೆ. ಮುಂಗಾರಿನ ಮೊದಲ ದಿನವೂ ಭಾದ್ರಪದದ ನಡುವಿನ ದಿನವೂ ನೆಲ ಒಂದೇ ಸ್ಥಿತಿಯಲ್ಲಿರುತ್ತದೆ ಎಂದು ಅದು ಹಿಡಿದುಕೊಂಡಿದೆ. ಬೇರೆ ಸೀಮೆಯಲ್ಲಿ ಈ ತಪ್ಪನ್ನು ಹೇಗೋ ತಡೆದುಕೊಳ್ಳಬಹುದು. ನಮ್ಮ ಎರೆ ಭೂಮಿಯಲ್ಲಿ ತಡೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಈಗಿರುವ ಲೆಕ್ಕವನ್ನು ನಂಬಿ ಕಟ್ಟಿಸಬೇಡಿ, ಆದರೆ ಮಾಡೆಲ್ಲನ್ನೇ ಬಿಸಾಡಿ ಎಂದೂ ನಾನು ಹೇಳುವುದಿಲ್ಲ. ತಿದ್ದಿಸಿ. ತಿದ್ದಲು ಬೇಕಾದ ಎರಡು ಮುಖ್ಯ ಸಾಕ್ಷಿಗಳು ನಿಮ್ಮ ಪ್ರಶ್ನೆಯಲ್ಲೇ ಇವೆ.

3.7 ಲಕ್ಷ ಘನಮೀಟರ್ ಎಲ್ಲಿಂದ ಬಂತು ಎಂಬುದನ್ನು ಹಿಂದಕ್ಕೆ ಬಿಡಿಸಿ ನೋಡಬಹುದು. 12 ಚದರ ಕಿಲೋಮೀಟರ್ ಮೇಲೆ ಒಂದು ಮಿ.ಮೀ. ನೀರು ನಿಂತರೆ 12,000 ಘನಮೀಟರ್. ಅಂದರೆ 60 ಮಿ.ಮೀ. ಮಳೆಯಲ್ಲಿ ಸುಮಾರು 31 ಮಿ.ಮೀ. ಹರಿದುಹೋಗುತ್ತದೆ ಎಂದು ಅವರು ಹಿಡಿದಿದ್ದಾರೆ. ಬಿದ್ದ ಮಳೆಯಲ್ಲಿ ಎಷ್ಟು ಹರಿಯುತ್ತದೆ ಎಂದು ಅಂದಾಜಿಸುವ ಕರ್ವ್ ನಂಬರ್ ವಿಧಾನದಲ್ಲಿ, ಭಾರತದ ಕಪ್ಪು ಮಣ್ಣಿಗೆ ಮಾಡಿಕೊಂಡ ತಿದ್ದುಪಡಿಯೊಂದಿಗೆ, 85 ಎಂಬ ಸಂಖ್ಯೆ ಹಾಕಿದರೆ ಇದೇ ಉತ್ತರ ಬರುತ್ತದೆ. ಈ ವಿಧಾನವನ್ನು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿತು. ಮಣ್ಣು, ಬೆಳೆ, ಬದು ನೋಡಿ ನೆಲಕ್ಕೆ 100ರೊಳಗಿನ ಒಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ನೀರು ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ಹೆಕ್-ಹೆಚ್‌ಎಂಎಸ್, ಸ್ವಾಟ್ ಎಂಬ ಹೆಸರುವಾಸಿ ತಂತ್ರಾಂಶಗಳೆರಡರಲ್ಲೂ ಇದನ್ನು ಬಳಸಬಹುದು. ನಮ್ಮಲ್ಲಿ ಬಳಸುವ ಕೋಷ್ಟಕದಂತೆ ನೀರು ಇಂಗದ ಜಿಗುಟು ಎರೆಯಲ್ಲಿ ಇಳಿಜಾರಿನ ನೇರಕ್ಕೆ ಸಾಲು ಹೊಡೆದರೆ 93, ಅದೇ ಹೊಲಕ್ಕೆ ಚೆನ್ನಾಗಿ ಬದು ಹಾಕಿದ್ದರೆ 79. ನಿಮ್ಮೂರಲ್ಲಿ ಎರಡೂ ಬಗೆಯ ಹೊಲಗಳಿವೆ ಎಂದುಕೊಂಡು ನಡುವಿನ 85 ಹಾಕಿರಬೇಕು. ಅಲ್ಲಿಯವರೆಗೆ ನನ್ನ ತಕರಾರಿಲ್ಲ.

ಆದರೆ ಆ 85 ಎಂಬುದು ನೆಲ ಹದವಾಗಿ ತೇವ ಇದ್ದಾಗಿನ ಅಂಕ. ಹಿಂದಿನ ಐದು ದಿನಗಳ ಒಟ್ಟು ಮಳೆ ನೋಡಿ ಅದನ್ನು ಬದಲಿಸಬೇಕೆಂದು ಅದೇ ವಿಧಾನ ಹೇಳುತ್ತದೆ. ಬೆಳೆಗಾಲದಲ್ಲಿ ಐದು ದಿನಕ್ಕೆ 36 ಮಿ.ಮೀ.ಗಿಂತ ಕಡಿಮೆ ಬಿದ್ದಿದ್ದರೆ ಒಣ ನೆಲ, 53 ದಾಟಿದ್ದರೆ ನೆನೆದ ನೆಲ, ನಡುವೆ ಇದ್ದರೆ ಸಾಧಾರಣ. 85 ಎಂಬುದು ಒಣ ನೆಲದಲ್ಲಿ 71ಕ್ಕೆ ಇಳಿಯುತ್ತದೆ, ನೆನೆದ ನೆಲದಲ್ಲಿ 93ಕ್ಕೆ ಏರುತ್ತದೆ. ಜೊತೆಗೆ ಭಾರತದ ಕಪ್ಪು ಮಣ್ಣಿಗೆಂದು ಮಾಡಿಕೊಂಡ ಒಂದು ತಿದ್ದುಪಡಿ ಇದೆ. ನೀರು ಹರಿಯಲು ಶುರುವಾಗುವ ಮುನ್ನ ನೆಲ ನುಂಗುವ ಪಾಲನ್ನು ಒಣ ನೆಲದಲ್ಲಿ ಹೆಚ್ಚು ಹಿಡಿಯಬೇಕು, ತೇವದ ಎರೆಯಲ್ಲಿ ಕಡಿಮೆ ಹಿಡಿಯಬೇಕು. ಇವೆಲ್ಲ ಸೇರಿಸಿ ನಿಮ್ಮ 60 ಮಿ.ಮೀ. ಮಳೆಗೆ ನಾನು ಮತ್ತೆ ಲೆಕ್ಕ ಹಾಕಿದೆ. ಒಣ ನೆಲದಲ್ಲಿ ಹರಿಯುವುದು 6.5 ಮಿ.ಮೀ., ಅಂದರೆ 78,000 ಘನಮೀಟರ್. ಸಾಧಾರಣ ತೇವದಲ್ಲಿ 31 ಮಿ.ಮೀ., ಅದೇ ವರದಿಯ 3.7 ಲಕ್ಷ. ನೆನೆದ ನೆಲದಲ್ಲಿ 44 ಮಿ.ಮೀ., ಅಂದರೆ 5.2 ಲಕ್ಷ ಘನಮೀಟರ್. ಮಳೆ ಒಂದೇ, ಹೊಲ ಅವೇ, ಹಳ್ಳದ ನೀರು ಮಾತ್ರ ಆರೇಳು ಪಟ್ಟು ಹಿಗ್ಗಿತು. ವರದಿಯ ಸಂಖ್ಯೆ ನೀವು ನೋಡಿದ ಎರಡು ದಿನಗಳಲ್ಲಿ ಯಾವ ದಿನದ್ದೂ ಆಗಿರಲಿಲ್ಲ.

ಜೂನ್‌ನಲ್ಲಿ 78,000 ಘನಮೀಟರಾದರೂ ಬರಬೇಕಿತ್ತಲ್ಲ, ಏನೂ ಬರಲಿಲ್ಲವೇಕೆ ಎಂದು ನೀವು ಕೇಳಬಹುದು. ಆ ನೀರು ಹೋದದ್ದು ಬಿರುಕಿಗೆ. ಈ ಸೂತ್ರದಲ್ಲಿ ಬಿರುಕಿಗೆ ಜಾಗವೇ ಇಲ್ಲ. ಮೇ ತಿಂಗಳಲ್ಲಿ ಬೀಳುಬಿಟ್ಟ ಎರೆ ಹೊಲಕ್ಕೆ ಒಂದು ಕಡ್ಡಿ, ಒಂದು ಟೇಪು ಹಿಡಿದು ಹೋಗಿ. ಮೀಟರ್ ಉದ್ದ, ಮೀಟರ್ ಅಗಲದ ಚೌಕ ಗುರುತು ಮಾಡಿ. ಅರ್ಧ ಮೀಟರಿಗೊಂದರಂತೆ ಅಡ್ಡ ಉದ್ದ ಬಿರುಕು ಬಿಟ್ಟಿದ್ದರೆ ಆ ಚೌಕದಲ್ಲಿ ಒಟ್ಟು ನಾಲ್ಕು ಮೀಟರ್ ಉದ್ದದ ಬಿರುಕು ಸಿಗುತ್ತದೆ. ಬಾಯಿ ಮೂರು ಸೆಂಟಿಮೀಟರ್, ಕಡ್ಡಿ ಇಳಿಯುವುದು 60 ಸೆಂಟಿಮೀಟರ್, ಕೆಳಗೆ ಹೋದಂತೆ ಕಿರಿದು ಎಂದು ಹಿಡಿಯಿರಿ. ಆ ಸಂದಿಯೊಳಗೆ 36 ಲೀಟರ್ ನೀರು ಹಿಡಿಯುತ್ತದೆ. ಒಂದು ಚದರ ಮೀಟರಿಗೆ 36 ಲೀಟರ್ ಎಂದರೆ 36 ಮಿ.ಮೀ. ಮಳೆ. ನಿಮ್ಮ ಮೃಗಶಿರದ 60ರಲ್ಲಿ ಅರ್ಧಕ್ಕಿಂತ ಹೆಚ್ಚು ಬಿರುಕು ತುಂಬಲಿಕ್ಕೇ ಸಾಕಾಯಿತು. ಉಳಿದದ್ದನ್ನು ಮಾಗಿ ಉಳುಮೆಯ ಹೆಂಟೆ, ಬದುವಿನ ಒಳಮೂಲೆ, ಒಣಗಿದ ಹಳ್ಳದ ಪಾತ್ರ ಕುಡಿದವು.

ಸೆಪ್ಟೆಂಬರ್ ಹೊತ್ತಿಗೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿರುತ್ತದೆ. ಪೂರ್ತಿ ನೆನೆದ ಎರೆಯಲ್ಲಿ ನೀರು ಇಂಗುವ ವೇಗ ಗಂಟೆಗೆ ಒಂದು ಮಿ.ಮೀ.ಗಿಂತಲೂ ಕಡಿಮೆ. ಹಿಂಗಾರಿ ಜೋಳಕ್ಕೆಂದು ಮಳೆಗಾಲವೆಲ್ಲ ಖಾಲಿ ಬಿಟ್ಟ ಹೊಲಗಳಾದರೆ ಮೇಲೆ ಬೆಳೆಯ ಹೊದಿಕೆಯೂ ಇಲ್ಲ, ಹನಿ ಬಡಿದು ಮಣ್ಣಿನ ಮೇಲ್ಪದರ ಮೆತ್ತಿಕೊಂಡಿರುತ್ತದೆ. ತೊಗರಿ ದಟ್ಟವಾಗಿ ನಿಂತ ಹೊಲಕ್ಕೂ ಪಕ್ಕದ ಖಾಲಿ ಹೊಲಕ್ಕೂ ಒಂದೇ ಅಂಕ ಕೊಟ್ಟರೆ ಅದೂ ತಪ್ಪೇ.

ಐದು ದಿನದ ಮಳೆಯ ಈ ಮೂರು ದರ್ಜೆಗಳಲ್ಲೂ ಒಂದು ಒರಟುತನ ಇದೆ. 35 ಮಿ.ಮೀ. ಬಿದ್ದಿದ್ದರೆ ಒಣ ನೆಲ, 37 ಬಿದ್ದಿದ್ದರೆ ಸಾಧಾರಣ, ಎರಡು ಮಿ.ಮೀ. ವ್ಯತ್ಯಾಸಕ್ಕೆ ಹಳ್ಳದ ನೀರು ಒಮ್ಮೆಲೇ ಹಲವು ಪಟ್ಟು ಜಿಗಿಯುತ್ತದೆ. ನೆಲ ಹಾಗೆ ಜಿಗಿಯುವುದಿಲ್ಲ. ಆದ್ದರಿಂದ ನಮ್ಮ ಭಾಗಕ್ಕೆ ಒಂದೊಂದು ಮಳೆಯನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ಮಾಡೆಲ್‌ಗಿಂತ, ಜನವರಿಯಿಂದ ಡಿಸೆಂಬರ್‌ವರೆಗೆ ದಿನದಿನವೂ ಮಣ್ಣಿನ ತೇವದ ಜಮಾ-ಖರ್ಚು ಇಡುವ ಮಾಡೆಲ್ ಲೇಸು ಎಂಬುದು ನನ್ನ ಅಭಿಪ್ರಾಯ. ಸ್ವಾಟ್ ಅಂಥದ್ದು. ಬಿರುಕಿನಲ್ಲಿ ಇಳಿಯುವ ನೀರನ್ನು ಬೇರೆಯಾಗಿ ಲೆಕ್ಕ ಹಾಕುವ ಆಯ್ಕೆಯೂ ಅದರಲ್ಲಿದೆ. ತಂತ್ರಾಂಶ ಅದನ್ನು ತಾನಾಗಿ ಚಾಲೂ ಮಾಡುವುದಿಲ್ಲ, ಮಾಡೆಲ್ ಮಾಡುವವರೇ ಮಾಡಬೇಕು. ಹೆಕ್-ಹೆಚ್‌ಎಂಎಸ್‌ನಲ್ಲೂ ನಿರಂತರ ಲೆಕ್ಕದ ವಿಧಾನಗಳಿವೆ. ಎರಡೂ ಉಚಿತವಾಗಿ ಸಿಗುವ ತಂತ್ರಾಂಶಗಳು, ಆದ್ದರಿಂದ ದುಡ್ಡಿಲ್ಲವೆಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ.

ಈಗ ಮಳೆಯ ಕಡೆಗೆ ಬರೋಣ. 60 ಮಿ.ಮೀ. ಎಂಬುದು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗಿನ ಒಟ್ಟು ಮೊತ್ತ. ಅದು ರಾತ್ರಿಯಿಡೀ ಬಿತ್ತೋ, ಸಂಜೆ ಒಂದು ತಾಸಿನಲ್ಲಿ ಸುರಿದು ನಿಂತಿತೋ ಆ ಅಂಕಿ ಹೇಳುವುದಿಲ್ಲ. ಸೇತುವೆಗೂ ಚೆಕ್ ಡ್ಯಾಂನ ಕೋಡಿಗೂ ಬೇಕಾದದ್ದು ಅದೇ ಮಾಹಿತಿ. ಹಳ್ಳದ ಉದ್ದ ಆರು ಕಿಲೋಮೀಟರ್, ಇಳಿಜಾರು ಸಾವಿರಕ್ಕೆ ಐದು ಎಂದು ಅಂದಾಜಿಸಿದರೆ ಮೇಲಿನ ತುದಿಯ ನೀರು ನಿಮ್ಮ ಸೇತುವೆ ಮುಟ್ಟಲು ಸುಮಾರು ಎರಡು ತಾಸು ಬೇಕು. ನೆನೆದ ನೆಲದಿಂದ ಹರಿಯುವ ಆ 44 ಮಿ.ಮೀ. ಆರು ತಾಸಿನಲ್ಲಿ ಸಮನಾಗಿ ಇಳಿದರೆ ಸೇತುವೆಯ ಬಳಿ ಹರಿವು ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 25 ಘನಮೀಟರ್. ಒಂದೇ ತಾಸಿನಲ್ಲಿ ಇಳಿದರೆ 60 ದಾಟುತ್ತದೆ. ಕ್ಯೂಸೆಕ್‌ನಲ್ಲಿ ಹೇಳುವುದಾದರೆ ಸುಮಾರು 900 ಒಂದು ಕಡೆ, 2,100ಕ್ಕೂ ಹೆಚ್ಚು ಇನ್ನೊಂದು ಕಡೆ. ದಿನದ ಮೊತ್ತವೊಂದನ್ನೇ ಮಾಡೆಲ್‌ಗೆ ಉಣಿಸಿದರೆ ಈ ವ್ಯತ್ಯಾಸ ಎಲ್ಲೋ ಕರಗಿಹೋಗುತ್ತದೆ.

ಅದೃಷ್ಟಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕೆ ದಾರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕ ಹಾಕಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಳೆ ದಾಖಲಿಸುತ್ತವೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಪಂಚಾಯಿತಿ ಸದಸ್ಯರಾಗಿ ನೀವೇ ಪತ್ರ ಬರೆದು ನಿಮ್ಮ ಮತ್ತು ಪಕ್ಕದ ಪಂಚಾಯಿತಿಗಳ 15 ನಿಮಿಷದ ದತ್ತಾಂಶ ಕೇಳಿ. ಮಾಡೆಲ್ ಮಾಡಿದವರು ಉಪಗ್ರಹದ ಮಳೆ ಬಳಸಿದ್ದಾರೋ ಎಂಬುದನ್ನೂ ವಿಚಾರಿಸಿ. ಹೆಚ್ಚಾಗಿ ಬಳಕೆಯಲ್ಲಿರುವ ಉಪಗ್ರಹ ಮಳೆ ದತ್ತಾಂಶದಲ್ಲಿ ಒಂದು ಚೌಕವೆಂದರೆ ಸುಮಾರು 120 ಚದರ ಕಿಲೋಮೀಟರ್, ನಿಮ್ಮ ಜಲಾನಯನದ ಹತ್ತು ಪಟ್ಟು. ಇಡೀ ಕಾಗಿಣಾ ಕಣಿವೆಗೆ ಅದು ಉಪಯುಕ್ತ. ಊರ ಹಳ್ಳಕ್ಕೆ, ಅದರಲ್ಲೂ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದ ನಮ್ಮ ಮುಂಗಾರು ಗುಡುಗು ಮಳೆಗೆ, ಅದನ್ನೊಂದನ್ನೇ ನೆಚ್ಚಬಾರದು.

ನಿಮ್ಮ ತಾಲ್ಲೂಕಿಗೆ ವಿಶೇಷವಾದ ಇನ್ನೊಂದು ಮಾತಿದೆ, ಅದನ್ನು ಯಾವ ಪಠ್ಯಪುಸ್ತಕವೂ ನಿಮಗೆ ಹೇಳುವುದಿಲ್ಲ. ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ಫರ್ಸಿ ಕಲ್ಲಿನ ಖಣಿಗಳಿವೆ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳು ಮಳೆಗಾಲದಲ್ಲಿ ಕೆರೆಯಂತೆ ತುಂಬುತ್ತವೆ. ಜಲಾನಯನದ ಗಡಿ ಗುರುತಿಸಲು ಮಾಡೆಲ್ ಮಾಡುವವರು ಉಪಗ್ರಹದಿಂದ ಪಡೆದ ಎತ್ತರದ ನಕ್ಷೆ ಬಳಸುತ್ತಾರೆ. ಅದರಲ್ಲಿ ಮೊದಲ ಕೆಲಸವೇ ತಗ್ಗು ತುಂಬುವುದು. ನಕ್ಷೆಯಲ್ಲಿ ಸುತ್ತಲೂ ಎತ್ತರವಿದ್ದು ನಡುವೆ ತಗ್ಗಿರುವ ಜಾಗಗಳನ್ನೆಲ್ಲ ದೋಷವೆಂದು ಭಾವಿಸಿ ತಂತ್ರಾಂಶ ಸಮ ಮಾಡಿಬಿಡುತ್ತದೆ, ಇಲ್ಲದಿದ್ದರೆ ಹರಿವಿನ ಗೆರೆ ಮುಂದೆ ಸಾಗುವುದಿಲ್ಲ. ಕಲ್ಲಿನ ಖಣಿಗಳು ನಿಜವಾದ ತಗ್ಗುಗಳು, ಆದರೂ ಅವು ಕಂಪ್ಯೂಟರಿನಲ್ಲಿ ಮುಚ್ಚಿಹೋಗುತ್ತವೆ. ಎರಡು ಹೆಕ್ಟೇರ್ ಹರವಿನ, ಐದು ಮೀಟರ್ ಆಳದ ಒಂದೇ ಖಣಿ ಒಂದು ಲಕ್ಷ ಘನಮೀಟರ್ ನೀರು ಹಿಡಿಯಬಲ್ಲದು. ಒಣ ನೆಲದ ಲೆಕ್ಕದಲ್ಲಿ ಬಂದ 78,000ಕ್ಕಿಂತ ಅದೇ ಹೆಚ್ಚಾಯಿತು. ನಿಮ್ಮ ಹಳ್ಳದ ಮೇಲ್ಭಾಗದಲ್ಲಿ ಅಂಥ ಖಣಿಗಳಿದ್ದರೆ ಒಂದೊಂದನ್ನೂ ಅಳೆದು, ಅದಕ್ಕೆ ಬರುವ ನೀರಿನ ದಾರಿ ನೋಡಿ, ಮಾಡೆಲ್‌ನಲ್ಲಿ ಪುಟ್ಟ ಜಲಾಶಯವೆಂದೇ ಸೇರಿಸಬೇಕು. ಜೂನ್‌ನಲ್ಲಿ ಅವು ಖಾಲಿ, ಸೆಪ್ಟೆಂಬರ್‌ನಲ್ಲಿ ತುಂಬಿ ಹೊರಚೆಲ್ಲುತ್ತವೆ. ಬಿರುಕಿನ ಕಥೆಯೇ ಇಲ್ಲಿ ದೊಡ್ಡ ಗಾತ್ರದಲ್ಲಿ ನಡೆಯುತ್ತದೆ.

ಎತ್ತರದ ನಕ್ಷೆಯ ಇನ್ನೊಂದು ತೊಂದರೆ ನಮ್ಮ ಸಮತಟ್ಟು ಭೂಮಿಯದ್ದು. 30 ಮೀಟರ್ ಚೌಕಕ್ಕೊಂದು ಎತ್ತರ ಕೊಡುವ ಆ ನಕ್ಷೆಗಳಲ್ಲಿ ಕೆಲವು ಮೀಟರ್‌ಗಳಷ್ಟು ಹೆಚ್ಚುಕಡಿಮೆ ಇರುವುದು ಸಹಜ. ಮಲೆನಾಡಿನ ಗುಡ್ಡದಲ್ಲಿ ಅಷ್ಟು ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಮಾತ್ರ ಮೊಣಕಾಲೆತ್ತರದ ಒಡ್ಡು, ರಸ್ತೆಯ ಏರಿ, ರೈಲು ಹಳಿಯ ದಿಬ್ಬ ಇಡೀ ನೀರಿನ ದಿಕ್ಕನ್ನೇ ತಿರುಗಿಸುತ್ತವೆ. 12 ಚದರ ಕಿಲೋಮೀಟರ್ ಎಂಬ ಅಂಕಿಯನ್ನೇ ಮೊದಲು ಪರೀಕ್ಷಿಸಿ. ವರದಿಯ ನಕ್ಷೆ ಹಿಡಿದು, ಆ ಭಾಗದ ಹೊಲದವರನ್ನು ಕರೆದುಕೊಂಡು, ಗಡಿಯ ಗುಂಟ ನಡೆಯಿರಿ. ‘ಈ ಹೊಲದ ನೀರು ಯಾವ ಕಡೆ ಇಳಿಯುತ್ತದೆ?’ ಎಂದು ಕೇಳಿದರೆ ಅಲ್ಲಿಯ ರೈತರು ತಡವರಿಸದೆ ಹೇಳುತ್ತಾರೆ. ನಕ್ಷೆಗೂ ಅವರ ಮಾತಿಗೂ ತಾಳೆಯಾಗದ ಕಡೆ ಗುರುತು ಹಾಕಿ, ಸರ್ವೆಯವರಿಂದ ಅಲ್ಲಿ ಲೆವೆಲ್ ತೆಗೆಸಿ. ಮಣ್ಣಿನ ವಿಷಯದಲ್ಲೂ ಹೀಗೆಯೇ. ರಾಜ್ಯದ ಜಲಾನಯನ ಅಭಿವೃದ್ಧಿಯ ಸುಜಲ-3 ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಹಲವು ಕಿರುಜಲಾನಯನಗಳಿಗೆ ಸರ್ವೆ ನಂಬರ್ ಮಟ್ಟದ ಮಣ್ಣಿನ ನಕ್ಷೆಗಳಾಗಿವೆ. ನಿಮ್ಮದೂ ಅದರಲ್ಲಿದ್ದರೆ, ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದ ನಕ್ಷೆಯನ್ನು ಬಳಸುವ ಅಗತ್ಯವೇ ಇಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಉಳಿಯುವ ಪ್ರಶ್ನೆ: ಮಾಡೆಲ್ ಹೇಳಿದ ನೀರು ಹಳ್ಳದಲ್ಲಿ ನಿಜವಾಗಿ ಹರಿಯಿತೇ? ವರದಿಯಲ್ಲಿ ‘ಮಾಪನಾಂಕ ನಿರ್ಣಯ’ (ನಿಜವಾದ ಅಳತೆಗೆ ತಕ್ಕಂತೆ ಮಾಡೆಲ್ ಹೊಂದಿಸುವುದು) ಎಂಬ ಅಧ್ಯಾಯ ಇದ್ದರೆ ಅದನ್ನು ಓದಿ. ನ್ಯಾಶ್-ಸಟ್‌ಕ್ಲಿಫ್ ಎಂಬ ಅಂಕ ಕೊಟ್ಟಿರುತ್ತಾರೆ. 1 ಬಂದರೆ ಮಾಡೆಲ್ಲಿಗೂ ಅಳತೆಗೂ ಪೂರ್ಣ ಹೊಂದಾಣಿಕೆ. 0 ಬಂದರೆ ಸರಾಸರಿ ಹರಿವನ್ನೇ ದಿನವೂ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು ಎಂದರ್ಥ. ಅಂಕ ಎಷ್ಟೇ ಇರಲಿ, ಅದು ಎಲ್ಲಿಯ ಅಳತೆಗೆ ಹೋಲಿಸಿದ್ದು ಎಂದು ಕೇಳಿ. ಕಾಗಿಣಾ ನದಿಗೆ ಮಳಖೇಡದಲ್ಲಿ, ಭೀಮಾ ನದಿಗೆ ಯಾದಗಿರಿಯಲ್ಲಿ ಕೇಂದ್ರ ಜಲ ಆಯೋಗದ ಹರಿವು ಅಳೆಯುವ ಕೇಂದ್ರಗಳಿವೆ, ಬೀದರ್ ಕಡೆ ಮಾಂಜ್ರಾ ನದಿಗೆ ಸಾಯಿಗಾಂವ್‌ನಲ್ಲಿದೆ. ಅವೆಲ್ಲ ಸಾವಿರಾರು ಚದರ ಕಿಲೋಮೀಟರ್ ನೀರು ಕೂಡುವ ಜಾಗಗಳು. ಮಳಖೇಡದಲ್ಲಿ ಮಾಡೆಲ್ ಚೆನ್ನಾಗಿ ಹೊಂದಿಕೊಂಡಿತು ಎಂದ ಮಾತ್ರಕ್ಕೆ ನಿಮ್ಮ ಹಳ್ಳದಲ್ಲಿ ಹೊಂದಿಕೊಳ್ಳುತ್ತದೆ ಎನ್ನಲಾಗದು. ಒಂದು ಹಳ್ಳದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದು ತಪ್ಪಿದ್ದು ನದಿಗೆ ಬಂದಾಗ ಪರಸ್ಪರ ಸರಿದೂಗಿಬಿಡುತ್ತದೆ. ಮಾಡೆಲ್‌ನ ಅಂಕಗಳನ್ನು ಹೊಂದಿಸಲು ಬಳಸಿದ ವರ್ಷಗಳನ್ನು ಬಿಟ್ಟು ಬೇರೆ ವರ್ಷಗಳಲ್ಲಿ ಅದನ್ನು ಪರೀಕ್ಷಿಸಿದ್ದಾರೆಯೇ ಎಂಬುದನ್ನೂ ನೋಡಿ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಸಾಗಿದಾಗ ಕಾಗಿಣಾ, ಭೀಮಾ ಉಕ್ಕಿದ್ದು ನಿಮಗೆ ನೆನಪಿರಬಹುದು. ಅದು ನೆಲ ಪೂರ್ತಿ ನೆನೆದಿದ್ದಾಗ ಬಂದ ದೊಡ್ಡ ಮಳೆ. ಅಂಥ ವರ್ಷವನ್ನೂ ಒಂದು ಬರದ ವರ್ಷವನ್ನೂ ಒಂದೇ ಮಾಡೆಲ್ ಸರಿಯಾಗಿ ತೋರಿಸಿದರೆ ಅದರ ಮೇಲೆ ಭರವಸೆ ಇಡಬಹುದು.

ನಿಮ್ಮ ಹಳ್ಳಕ್ಕೆ ಯಾರೂ ಮಾಪನ ಇಟ್ಟಿಲ್ಲ. ಅದನ್ನು ನೀವೇ ಇಡಿ. ಸೇತುವೆಯ ಕಂಬಕ್ಕೆ, ದಡದಿಂದ ಚೆನ್ನಾಗಿ ಕಾಣುವ ಬದಿಗೆ, ಪಾತ್ರದ ತಳದಿಂದ ಮೇಲಕ್ಕೆ ಹತ್ತು ಸೆಂಟಿಮೀಟರಿಗೊಂದು ಗೆರೆಯಂತೆ ಆಯಿಲ್ ಪೇಂಟಿನಲ್ಲಿ ಅಳತೆಪಟ್ಟಿ ಬರೆಸಿ. ನೀರಿಲ್ಲದ ಈಗಲೇ ಅಲ್ಲಿಯ ಅಡ್ಡಕೊಯ್ತವನ್ನು, ಅಂದರೆ ಪ್ರತಿ ಮೀಟರ್ ಅಗಲಕ್ಕೆ ಎಷ್ಟು ಆಳ ಎಂಬುದನ್ನು, ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ಹಳ್ಳ ಬಂದಾಗ ದಡದ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಮೇಲುಗಡೆಯಿಂದ ಒಣ ಜೋಳದ ದಂಟಿನ ತುಂಡು ಎಸೆದು, ಆ ಅಂತರ ದಾಟಲು ಎಷ್ಟು ಸೆಕೆಂಡ್ ಬೇಕು ನೋಡಿ. 12 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 1.67 ಮೀಟರ್. ಒಳಗಿನ ನೀರು ತುಸು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ: 1.42. ಆ ಮಟ್ಟದಲ್ಲಿ ನೀರಿನ ಅಗಲ 8 ಮೀಟರ್, ಸರಾಸರಿ ಆಳ 1.2 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 13.6 ಘನಮೀಟರ್. ಮೂರು ನಾಲ್ಕು ಸಲ ಎಸೆದು ಸರಾಸರಿ ತೆಗೆಯಿರಿ. ಎಲ್ಲವನ್ನೂ ದಡದ ಮೇಲೆ ನಿಂತೇ ಮಾಡಿ. ನೀರಿಗೆ ಇಳಿಯುವುದಾಗಲಿ, ಮುಳುಗುತ್ತಿರುವ ಸೇತುವೆಯ ಮೇಲೆ ನಿಲ್ಲುವುದಾಗಲಿ ಬೇಡವೇ ಬೇಡ, ಮಕ್ಕಳನ್ನು ಈ ಕೆಲಸಕ್ಕೆ ಕಳಿಸಲೂ ಬೇಡಿ. ಬೇರೆ ಬೇರೆ ಮಟ್ಟಗಳಲ್ಲಿ ಹೀಗೆ ಅಳೆದರೆ, ಮುಂದೆ ಅಳತೆಪಟ್ಟಿ ನೋಡಿದರೇ ಹರಿವು ಎಷ್ಟೆಂದು ತಿಳಿಯುವ ಕೋಷ್ಟಕ ಸಿದ್ಧವಾಗುತ್ತದೆ. ರಾತ್ರಿ ಬಂದ ಹಳ್ಳವಾದರೆ ಬೆಳಿಗ್ಗೆ ಕಸಕಡ್ಡಿ ಸಿಕ್ಕಿಕೊಂಡ ಎತ್ತರ ಗುರುತು ಮಾಡಿ, ತಾರೀಖು ಬರೆಯಿರಿ. ಕಳೆದ ಉತ್ತರಿ ಮಳೆಯ ಗುರುತು ದಡದ ಯಾವುದಾದರೂ ಗೋಡೆಯ ಮೇಲೆ ಇನ್ನೂ ಉಳಿದಿದ್ದರೆ ಇವತ್ತೇ ಅಳೆದಿಡಿ. ಏನೂ ಬರದ ದಿನವನ್ನೂ ‘ಮಳೆ ಇಷ್ಟು, ಹರಿವು ಸೊನ್ನೆ’ ಎಂದು ತಪ್ಪದೆ ಬರೆಯಬೇಕು. ಎರೆ ಭೂಮಿಯ ಮಾಡೆಲ್ ತಿದ್ದಲು ಆ ಸೊನ್ನೆಗಳಷ್ಟು ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

ಚೆಕ್ ಡ್ಯಾಂ ವಿಷಯದಲ್ಲಿ ಒಂದೇ ಸಂಖ್ಯೆಯಿಂದ ಎರಡು ಕೆಲಸ ತೆಗೆಯಲು ಬಿಡಬೇಡಿ. ಕೋಡಿಯ ಅಗಲ, ಪಕ್ಕದ ರೆಕ್ಕೆಗೋಡೆ, ಅಡಿಪಾಯದ ಗಟ್ಟಿತನ ಇವನ್ನು ನೆನೆದ ನೆಲದ, ಒಂದು ತಾಸಿನ ಜೋರುಮಳೆಯ ಲೆಕ್ಕಕ್ಕೆ ಹೊಂದಿಸಬೇಕು. 3.7 ಲಕ್ಷದ ಲೆಕ್ಕಕ್ಕೆ ಕೋಡಿ ಕಟ್ಟಿದರೆ ನೀರು ಪಕ್ಕದ ದಡ ಕೊರೆದುಕೊಂಡು ಹೋಗುತ್ತದೆ. ಎರೆಯ ದಡ ಒಂದೇ ರಾತ್ರಿಯಲ್ಲಿ ಕುಸಿಯಬಲ್ಲದು. ಎಷ್ಟು ನೀರು ನಿಲ್ಲುತ್ತದೆ, ಎಷ್ಟು ಬಾವಿಗೆ ಅನುಕೂಲ ಎಂಬ ಲಾಭದ ಲೆಕ್ಕವನ್ನು ಕಡಿಮೆ ಮಳೆಯ ವರ್ಷಗಳ ದಿನವಹಿ ಹರಿವಿನಿಂದ ತೆಗೆಯಬೇಕು. ‘ಜುಲೈ ಕೊನೆಯೊಳಗೆ ಇದು ಎಷ್ಟು ವರ್ಷಗಳಲ್ಲಿ ತುಂಬುತ್ತದೆ?’ ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರ ಇರಲೇಬೇಕೆಂದು ಹಟ ಹಿಡಿಯಿರಿ. ಹೂಳಿನ ಲೆಕ್ಕವನ್ನೂ ಕೇಳಿ, ಎರೆ ಹೊಲದಿಂದ ಬರುವ ಹಳ್ಳ ನೀರಿನ ಜೊತೆ ಮಣ್ಣನ್ನೂ ತರುತ್ತದೆ. ಮೇಲ್ಭಾಗದ ಹೊಲಗಳಿಗೆ ಬದು ಹಾಕಿಸುವ ಕೆಲಸ ಮೊದಲಾದರೆ ಹೂಳೂ ಕಡಿಮೆ, ಕೋಡಿಯ ಮೇಲಿನ ಒತ್ತಡವೂ ಕಡಿಮೆ. ಅದೇ ಕೋಷ್ಟಕದಲ್ಲಿ 93 ಮತ್ತು 79ರ ನಡುವಿನ ಅಂತರ ಬದುವಿನ ಕೊಡುಗೆಯೇ.

ವರದಿ ಕೊಟ್ಟವರಿಗೆ ನಿಮ್ಮ ಎರಡು ದಿನಗಳ ತಾರೀಖು, ಆಯಾ ದಿನದ ಮತ್ತು ಹಿಂದಿನ ಐದು ದಿನಗಳ ಮಳೆ, ಸೇತುವೆಯ ಮೇಲೆ ನೀರು ಏರಿದ ಎತ್ತರ ಬರೆದು ಕಳಿಸಿ, ಈ ಎರಡು ದಿನಗಳನ್ನು ಮಾಡೆಲ್‌ನಲ್ಲಿ ಓಡಿಸಿ ತೋರಿಸಲು ಹೇಳಿ. ಜೂನ್ ದಿನಕ್ಕೆ ಸೊನ್ನೆಯ ಹತ್ತಿರದ, ಸೆಪ್ಟೆಂಬರ್ ದಿನಕ್ಕೆ ಸೇತುವೆ ಮುಳುಗುವಷ್ಟು ಹರಿವು ಬಂದರೆ ಕೆಲಸ ಮುಂದುವರಿಸಲಿ. ಬರದಿದ್ದರೆ ಈ ಮುಂಗಾರು ಪೂರ್ತಿ ಹಳ್ಳ ಅಳೆದು, ದೀಪಾವಳಿಯ ನಂತರ ಹೊಸ ಲೆಕ್ಕದೊಂದಿಗೆ ವಿನ್ಯಾಸ ಮಾಡಿಸಿ. ಒಂದು ವರ್ಷ ತಡವಾದರೂ ಕಟ್ಟಡ ಉಳಿಯುತ್ತದೆ.